ಎಮ್ಮೆ ಕೊಟ್ಟು ತಂದ ಗರಗಸ

ನಮ್ಮ ಮನೆಯಲ್ಲಿ ಎಮ್ಮೆ ನಿಲ್ಲುವ ಜಾಗ ನಾವು ಮಲಗುವ ಜಾಗಕ್ಕಿಂತ ದೊಡ್ಡದಾಗಿತ್ತು. ಯಲಬುರ್ಗಿಗೂ ಕುಷ್ಟಗಿಗೂ ನಡುವಿನ ಎರೆ ಸೀಮೆಯಲ್ಲಿ ಆಗ ಎಲ್ಲರ ಮನೆಯೂ ಹಾಗೆಯೇ. ದೊಡ್ಡ ಬಾಗಿಲು ದಾಟಿದರೆ ಮೊದಲು ದನದ ಅಂಕಣ, ಅದರ ಆಚೆ ಮೊಳದೆತ್ತರದ ಕಟ್ಟೆ, ಕಟ್ಟೆಯ ಮೇಲೆ ಪಡಸಾಲೆ, ಹಿಂದೆ ಕತ್ತಲ ಅಡುಗೆಮನೆ. ಮಣ್ಣಿನ ಮಾಳಿಗೆಗೆ ಒಂದು ಬೆಳಕಿಂಡಿ. ಮಧ್ಯಾಹ್ನದ ಹೊತ್ತು ಅದರಿಂದ ಬಿಸಿಲು ಕಂಬದಂತೆ ಇಳಿಯುತ್ತಿತ್ತು. ಮನೆಗೆ ಯಾರೇ ಬರಲಿ, ಮೊದಲು ಕರೆವ್ವನ ಮುಂದೆ ಹಾದು, ಅವಳ ಉಸಿರು ಮೈಗೆ ತಾಗಿಸಿಕೊಂಡೇ ಮೇಲೆ ಹತ್ತಬೇಕು. ಕರೆವ್ವ ಅಂದರೆ ನಮ್ಮ ಎಮ್ಮೆ. ಅವ್ವ ಕನಕಗಿರಿಯ ತವರು ಬಿಟ್ಟು ಈ ಮನೆಗೆ ಬಂದಾಗ ಅವಳ ಹಿಂದೆ ಕರುವಾಗಿ ನಡೆದು ಬಂದವಳು. ಅಪ್ಪನ ಜೊತೆ ಮಾತಿಗೆ ಮಾತು ಬೆಳೆದಾಗ ಅವ್ವ ತವರಿಗೆ ಹೋಗುತ್ತೇನೆಂದು ಹೆದರಿಸುತ್ತಿರಲಿಲ್ಲ. ಕಟ್ಟೆ ಇಳಿದು ಹೋಗಿ ಕರೆವ್ವನ ಪಕ್ಕದಲ್ಲಿ ಕೂರುತ್ತಿದ್ದಳು. ತವರು ಅಷ್ಟು ಹತ್ತಿರದಲ್ಲಿತ್ತು.

ಅಪ್ಪ ಊರಿನ ಬಡಿಗ. ರೈತರಿಗೆ ನೇಗಿಲು, ಕುಂಟೆ, ಕೂರಿಗೆ ಮಾಡಿಕೊಡುವುದು, ಸುಗ್ಗಿಯಲ್ಲಿ ಅವರು ಕಣದಿಂದ ಅಳೆದು ಕೊಡುವ ಆಯದ ಜೋಳ ತರುವುದು, ಇದು ಅವನ ತಾತನ ಕಾಲದಿಂದ ನಡೆದು ಬಂದ ಲೆಕ್ಕ. ಜಾಲಿಯ ಕಟ್ಟಿಗೆ, ಬಾಚಿ, ಒಂದೆರಡು ನಾಡ ಉಳಿ, ಹಲ್ಲು ಮೊಂಡಾದ ಒಂದು ಗರಗಸ. ನೇಗಿಲಿಗೆ ಅಷ್ಟು ಸಾಕು. ನೇಗಿಲ ಅಂದವನ್ನು ನೋಡಿ ಯಾವ ಎತ್ತೂ ಮೂಗು ಮುರಿಯುವುದಿಲ್ಲ. ಆದರೆ ನಡುನಡುವೆ ಊರಾಚೆಯ ಉಳ್ಳವರು ಬಾಗಿಲು, ಮಂಚ, ಪೆಟ್ಟಿಗೆ ಎಂದು ಕರೆಯುತ್ತಿದ್ದರು. ಅಪ್ಪನ ಸಂಕಟ ಶುರುವಾಗುತ್ತಿದ್ದದ್ದು ಅಲ್ಲಿ. ಬಾಗಿಲಿನ ಮೂಲೆಯಲ್ಲಿ ಒಂದು ಕಟ್ಟಿಗೆಗೆ ನಾಲಿಗೆ ಬಿಡಿಸಿ, ಇನ್ನೊಂದಕ್ಕೆ ಬಾಯಿ ಕೊರೆದು, ನಾಲಿಗೆಯನ್ನು ಬಾಯಲ್ಲಿ ಕೂಡಿಸಬೇಕು. ದಪ್ಪ ಗರಗಸದಲ್ಲಿ ಸೀಳಿದ ನಾಲಿಗೆ ಒಂದು ಕಡೆ ಸಣ್ಣದು, ಒಂದು ಕಡೆ ದಪ್ಪ. ಕೂಡಿಸಿದರೆ ಸಂದಿ ಉಳಿಯುತ್ತದೆ. ಸಂದಿಗೆ ಬೆಣೆ ಹೊಡೆದು, ಮೇಲೆ ಹೊಟ್ಟು ಕಲಸಿದ ಅಂಟು ಮೆತ್ತುವುದು ಸುತ್ತಲಿನ ಎಲ್ಲ ಬಡಿಗರ ವಾಡಿಕೆ. ಅಪ್ಪನೂ ಮೆತ್ತುತ್ತಿದ್ದ, ಆದರೆ ಉಳಿದವರ ಹಾಗೆ ಮೆತ್ತಿ ಮರೆಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಬಾಗಿಲಿನ ಮೂಲೆಗೆ ಹೋಗುತ್ತಿತ್ತು, ಆಮೇಲೆ ಮನೆಯವರ ಮುಖಕ್ಕೆ.

ಕುಷ್ಟಗಿಯ ಶೆಟ್ಟರೊಬ್ಬರ ಮನೆಯ ಮದುವೆಯ ಊಟದಲ್ಲಿ ಇದು ವಿಕೋಪಕ್ಕೆ ಹೋಯಿತು. ಅವರ ನಡುಮನೆಯ ಬಾಗಿಲು ಮಾಡಿದವನು ಅಪ್ಪನೇ. ಮಳೆಗಾಲದಲ್ಲಿ ಮಾಡಿದ್ದು, ಊಟ ನಡೆದದ್ದು ಬಿರುಬೇಸಿಗೆಯಲ್ಲಿ. ಪಂಕ್ತಿಯಲ್ಲಿ ಅಪ್ಪ ಕುಳಿತದ್ದು ಸರಿಯಾಗಿ ಆ ಬಾಗಿಲಿನ ಎದುರಿಗೆ, ನಾನು ಅವನ ಪಕ್ಕಕ್ಕೆ. ಹೋಳಿಗೆ ಬಂತು, ತುಪ್ಪ ಬಂತು, ಅಪ್ಪನ ಕೈ ಮಾತ್ರ ಎಲೆಯಿಂದ ಮೇಲೇಳಲಿಲ್ಲ. ಅವನು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಮೂಲೆಯ ಅಂಟು ಉದುರಿ ಸಂದಿ ಬಾಯಿ ಬಿಟ್ಟಿತ್ತು. ನೆರೆದ ನೂರಾರು ಜನರಲ್ಲಿ ಅದನ್ನು ನೋಡಿದವರು ನಾವಿಬ್ಬರೇ ಇರಬೇಕು. ಅಪ್ಪನ ಹೋಳಿಗೆಯನ್ನು ನಾನೇ ತಿಂದು ಮುಗಿಸಿದೆ. ತಿರುಗಿ ಬರುವಾಗ ಬಂಡಿಯಲ್ಲಿ ಅವ್ವನಿಗೆ ವರದಿ ಒಪ್ಪಿಸಿದವಳೂ ನಾನೇ.

"ಹೋಳಿಗಿ ಬಿಟ್ಟು ಬಾಗಲಾ ನೋಡಿಕೋತ ಕುಂತಿದ್ರಂತಲ್ಲ," ಅಂದಳು ಅವ್ವ.

"ಜೋಳದ ಕಾಳು ಹೊಗೂವಷ್ಟು ಬಿಟ್ಟೈತಿ. ಹತಾರ ಸರಿ ಇಲ್ಲ. ನಾ ಏನ ಮಾಡ್ಲಿ?"

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ."

ಅಪ್ಪ ಬಂಡಿಯ ಮುಂದಕ್ಕೆ ಸರಿದು ಎತ್ತುಗಳ ಕಡೆ ಮುಖ ಮಾಡಿ ಕುಳಿತ. ಗಾದೆ ಹೇಳಿ ಗೆದ್ದ ಅವ್ವನಿಗೂ ಆ ಗೆಲುವು ರುಚಿಸಲಿಲ್ಲವೆಂದು ಕಾಣುತ್ತದೆ, ದಾರಿಯುದ್ದಕ್ಕೂ ನನ್ನ ಜಡೆಯನ್ನು ಬಿಚ್ಚಿ ಬಿಚ್ಚಿ ಹೆಣೆದಳು.

ಅದೇ ಬೇಸಿಗೆಯಲ್ಲಿ ಅಪ್ಪ ತೇಗದ ಹಲಗೆ ತರಲು ಕೊಪ್ಪಳಕ್ಕೆ ಹೋದ. ಅಲ್ಲಿ ಸ್ಟೇಶನ್ನಿನ ಹಿಂದೆ ಖಾದರಸಾಬ ಎಂಬ ಮುದುಕ ಮಿಸ್ತ್ರಿ ಇದ್ದ. ಪ್ರಾಯದಲ್ಲಿ ರೈಲಿನ ಡಬ್ಬಿಗಳ ಕಟ್ಟಿಗೆ ಕೆಲಸ ಮಾಡಿದವನು, ಈಗ ಕಣ್ಣು ಮಂಜಾಗಿ ಮನೆಯಲ್ಲಿ ಕುಳಿತಿದ್ದ. ಅವನ ಹತ್ತಿರ ವಿಲಾಯತಿ ಹತಾರಗಳ ಒಂದು ಪೆಟ್ಟಿಗೆ ಇತ್ತು. ಮುದುಕ ಅಪ್ಪನ ಕೈಗೆ ಗರಗಸ ಕೊಟ್ಟು, ಎರಡು ತುಂಡು ತೇಗ ಮುಂದಿಟ್ಟು, ಮಾಡಿ ನೋಡು ಎಂದನಂತೆ. ಅಪ್ಪ ನಾಲಿಗೆ ಬಿಡಿಸಿದ, ಬಾಯಿ ಕೊರೆದ, ಕೂಡಿಸಿದ. ಬೆಣೆ ಬೇಕಾಗಲಿಲ್ಲ. ಮತ್ತೆ ಎಳೆದು ಬಿಡಿಸಿದಾಗ ಒಳಗೆ ಸಿಕ್ಕಿಕೊಂಡ ಗಾಳಿ 'ಟಪ್' ಅಂದಿತು. ಅಪ್ಪ ಮನೆಗೆ ಬಂದು ಆ ಟಪ್ಪನ್ನು ಬಾಯಿಯಿಂದ ಮಾಡಿ ತೋರಿಸಿದ. ಉಣ್ಣುವಾಗ ಒಮ್ಮೆ, ಮಲಗುವಾಗ ಒಮ್ಮೆ. ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಿವಿ ದೂರವಾಗಿದ್ದರಿಂದ ಅವಳಿಗೆ ಮಾತ್ರ ಮೂರು ಸಲ ತೋರಿಸಿದ.

ಖಾದರಸಾಬ ಪೆಟ್ಟಿಗೆ ಮಾರುವವನಿದ್ದ. ಅವನ ಮಗ ಮೆಹಬೂಬ ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ, ಕಟ್ಟಿಗೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಆದರೆ ಮುದುಕ ರೊಕ್ಕ ಕೇಳಲಿಲ್ಲ. ಮನೆಯಲ್ಲಿ ಮೊಮ್ಮಗ ಹುಟ್ಟಿದ್ದ, ತಾಯಿಯ ಹಾಲು ಸಾಲುತ್ತಿರಲಿಲ್ಲ. ಹಾಲು ಕೊಡುವ ಒಂದು ಎಮ್ಮೆ ತಂದು ಕಟ್ಟು, ಪೆಟ್ಟಿಗೆ ಒಯ್ಯಿ ಎಂದಿದ್ದ.

ಇದನ್ನು ಅಪ್ಪ ಹೇಳಿದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಗೋಡೆಯ ಕಡೆ ಮುಖ ಮಾಡಿ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಬಡಿತ ಮಾತ್ರ ಜೋರಾಯಿತು. ಮರುದಿನದಿಂದ ಮನೆಯಲ್ಲಿ ಆ ಮಾತೇ ಇಲ್ಲ. ಅಪ್ಪ ಕೇಳಲಿಲ್ಲ, ಅವ್ವ ಬೈಯಲಿಲ್ಲ. ಅವನು ಕೆಲಸ ಮುಗಿಸಿ ಬಂದು ನಮ್ಮ ಮನೆಯ ಬಾಗಿಲಿನ ಮೂಲೆಯನ್ನೇ ಉಗುರಿನಿಂದ ಕೆರೆಯುತ್ತ ಕೂರುತ್ತಿದ್ದ. ಬೈದರೆ ತಡೆದುಕೊಳ್ಳಬಹುದು, ಹೀಗೆ ಕೆರೆಯುವುದನ್ನು ತಡೆದುಕೊಳ್ಳುವುದು ಕಷ್ಟ. ಕಾರಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಹಾಲು ಹಿಂಡಿ, ಕರೆವ್ವನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಗ್ಗವನ್ನು ಬಿಚ್ಚಿ ತಂದು ಅಪ್ಪನ ಕೈಯಲ್ಲಿಟ್ಟಳು.

"ಒಯ್ಯಿರಿ."

"ಏನ?"

"ಇನ್ನೇನ, ನನ್ನ ತವರ್ಮನಿ. ದಿನಾ ಬಾಗಲಾ ಕೆರಿಯೂ ಗಂಡನ್ನ ನೋಡಿಕೋತ ನನಗ ಇರಾಕ ಆಗಂಗಿಲ್ಲ. ಆದರ ಒಂದು ಮಾತು. ಆಕಿ ಗೂಟಾ ಕೀಳಬಾರದು. ಗ್ವಾದಲಿ ಒಡೀಬಾರದು. ಆಕಿ ಜಾಗಾ ಆಕಿದು."

ಅಪ್ಪ ತಲೆಯಾಡಿಸಿದ. ಕರೆವ್ವ ಹೊಸ್ತಿಲು ದಾಟುವಾಗ ತಿರುಗಿ ನೋಡಿದಳು ಎಂದು ಆಯಿ ಸಾಯುವವರೆಗೂ ಹೇಳುತ್ತಿದ್ದಳು. ನಾನು ಕಂಡಂತೆ ಅವಳು ತಿರುಗಿ ನೋಡಲಿಲ್ಲ, ಮೇವು ಸಿಗುತ್ತದೆಂದು ಸೀದಾ ಹೋದಳು. ಅತ್ತವರು ನಾವು.

ಪೆಟ್ಟಿಗೆ ಬಂತು. ಒಳಗೆ ಹಸಿರು ಬಣ್ಣದ ಉಣ್ಣೆಬಟ್ಟೆಯಲ್ಲಿ ಸುತ್ತಿದ ಉಳಿಗಳು, ಹಲಗೆ ಹೆರೆದು ನಯಮಾಡುವ ಒಂದು ರಂದಾ, ಮತ್ತು ಆ ಗರಗಸ. ಅಂಥ ಗರಗಸವನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಬೆನ್ನಿಗೆ ಹಿತ್ತಾಳೆಯ ಪಟ್ಟಿ, ಕೆಳಗೆ ಕಾಗದದಷ್ಟು ತೆಳ್ಳನೆಯ ಅಲಗು, ಹಲ್ಲುಗಳು ಎಷ್ಟು ಸಣ್ಣವೆಂದರೆ ಬೆರಳಿಗೆ ಹತ್ತುವುದಕ್ಕಿಂತ ಮೊದಲು ಕಣ್ಣಿಗೆ ಕಾಣುತ್ತಿರಲಿಲ್ಲ. ಕರೆವ್ವನ ಅಂಕಣದ ಅರ್ಧವನ್ನು ಗುಡಿಸಿ ಅಪ್ಪ ಅಲ್ಲಿ ಕೆಲಸದ ಮಣೆ ಹಾಕಿದ. ಗೂಟ ಹಾಗೆಯೇ ಇತ್ತು, ಎಡವಿದಾಗೆಲ್ಲ ಅದಕ್ಕೆ ಕೈಮುಗಿದು ಮುಂದೆ ಹೋಗುತ್ತಿದ್ದ. ಅವಳಿಗೆ ಮೇವು ಹಾಕುತ್ತಿದ್ದ ಗ್ವಾದಲಿಯಲ್ಲಿ ತೇಗದ ತುಂಡುಗಳನ್ನು ಇಟ್ಟುಕೊಂಡ. ಆಯಿ ಹಳೆಯ ರೂಢಿಯಂತೆ ಅಡುಗೆಮನೆಯ ಮುಸುರೆಯನ್ನೆಲ್ಲ ತಂದು ಅದೇ ಗ್ವಾದಲಿಗೆ ಸುರಿದುಬಿಡುತ್ತಿದ್ದಳು. ಅಪ್ಪ ಗಂಜಿಯಲ್ಲಿ ನೆನೆದ ತೇಗವನ್ನು ಎತ್ತಿ ಬಿಸಿಲಿಗೆ ಹಾಕುವುದನ್ನು ನೋಡಿ ಅವ್ವನಿಗೆ ಒಳಗೊಳಗೇ ಖುಷಿ.

ಕಷ್ಟವಿದ್ದದ್ದು ಊಟದಲ್ಲಿ. ಮಜ್ಜಿಗೆಯಿಲ್ಲದ ನುಚ್ಚು ಗಂಟಲಲ್ಲಿ ಇಳಿಯುವುದಿಲ್ಲ. ಪುಂಡಿಪಲ್ಯ ಸುರಿದುಕೊಂಡರೂ, ಉಳ್ಳಾಗಡ್ಡಿ ಕಡಿದುಕೊಂಡರೂ ಅದು ನಡುದಾರಿಯಲ್ಲಿ ನಿಂತುಬಿಡುತ್ತದೆ. ನೆರೆಮನೆಯಲ್ಲಿ ಕೇಳಿದರೆ ಮಜ್ಜಿಗೆ ಕೊಡುತ್ತಿದ್ದರು, ಆದರೆ ಕೊಟ್ಟು ರೂಢಿಯಾದ ಅವ್ವನ ಕೈ ಕೇಳಲು ಮುಂದಾಗಲಿಲ್ಲ. ಅಪ್ಪ ನೀರು ಕುಡಿದು ನುಚ್ಚನ್ನು ಇಳಿಸುತ್ತಿದ್ದ. ಉಂಡೆದ್ದು ಔಡಲ ಎಣ್ಣೆಯ ಬಟ್ಟೆ ಹಿಡಿದು ಹತಾರಗಳಿಗೆ ಒಂದೊಂದಾಗಿ ಸವರುತ್ತಿದ್ದ. ಕುಸುಬಿ ಎಣ್ಣೆ ಹಚ್ಚಬೇಡ, ಒಣಗಿ ಅಂಟಾಗುತ್ತದೆ, ಔಡಲವೇ ಆಗಬೇಕು ಎಂದು ಖಾದರಸಾಬ ಹೇಳಿ ಕಳಿಸಿದ್ದನಂತೆ.

"ಕರೆವ್ವ ಎಣ್ಣಿ ಕುಡೀತಿದ್ದಿಲ್ಲ, ಹಾಲ ಕೊಡತಿದ್ಲು," ಅಂದಳು ಅವ್ವ. "ಇದು ಎಣ್ಣಿ ಕುಡೀತೈತಿ, ಹಾಲ ಕೊಡೂದಿಲ್ಲ. ಸಗಣಿ ಅರೆ ಹಾಕತೈತೇನ?"

"ಹೊಟ್ಟ ಹಾಕತೈತಲ್ಲ, ಒಲಿಗೆ ಆಗ್ತೈತಿ."

"ಅದೂ ಹಳೀ ಗರಗಸದಷ್ಟು ಹಾಕೂದಿಲ್ಲ."

ಇದು ನಿಜವಾಗಿತ್ತು. ತೆಳ್ಳನೆಯ ಅಲಗು ಕಟ್ಟಿಗೆಯನ್ನು ತಿನ್ನುವುದೇ ಕಡಿಮೆ. ಈಗ ವಯಸ್ಸಾದ ಮೇಲೆ ನಾನು ಆ ಪೆಟ್ಟಿಗೆಯನ್ನೂ ಕರೆವ್ವನನ್ನೂ ಎದುರುಬದುರು ನಿಲ್ಲಿಸಿ ತೂಗಿ ನೋಡುತ್ತೇನೆ. ನೇಗಿಲಿಗೆ, ಕೂರಿಗೆಗೆ ಅದು ಬರುತ್ತಿರಲಿಲ್ಲ. ಜಾಲಿಯ ಗಂಟಿಗೆ ತಾಗಿಸಿದರೆ ಉಳಿಯ ಬಾಯಿ ಮುಕ್ಕಾಗುತ್ತಿತ್ತು. ಅದಕ್ಕೆ ಹಳೆಯ ಬಾಚಿಯೇ ಸೈ. ಆಯ ಕೊಡುವ ರೈತರು, ಬಡಿಗ್ಯಾ ಈಗ ವಿಲಾಯತಿ ಸಾಹೇಬ ಆಗ್ಯಾನ ಎಂದು ಆಡಿಕೊಂಡರು. ಅಪ್ಪನ ಕೈಗೆ ಹೊಸ ಹತಾರ ಹೊಸ ವಿದ್ಯೆಯನ್ನೇನೂ ಕೊಡಲಿಲ್ಲ, ವಿದ್ಯೆ ಮೊದಲೇ ಇತ್ತು. ಅವನು ಗೆರೆ ಎಳೆದ ಕಡೆಯೇ ಅದು ಸೀಳುತ್ತಿತ್ತು, ಅಷ್ಟೇ. ಅವನ ಹತಾರ ಅವನಿಗೆ ಸುಳ್ಳು ಹೇಳುವುದನ್ನು ನಿಲ್ಲಿಸಿತು. ಅದಕ್ಕೆ ಒಂದು ಎಮ್ಮೆ ಹೆಚ್ಚೋ ಕಡಿಮೆಯೋ ಎಂದು ಬೇರೆಯವರು ಹೇಗೆ ಹೇಳುವುದು?

ಅವನು ಮಾಡಿದ ಮೊದಲ ಕೆಲಸವೆಂದರೆ, ಕುಷ್ಟಗಿಗೆ ಹೋಗಿ ಶೆಟ್ಟರ ಬಾಗಿಲನ್ನು ಬಿಚ್ಚಿ, ಮೂಲೆಗಳನ್ನು ಹೊಸದಾಗಿ ಕೂಡಿಸಿ ಬಂದದ್ದು. ಬಿಟ್ಟಿಯಾಗಿ. ಶೆಟ್ಟರಿಗೆ ಮೂಲೆ ಬಾಯಿ ಬಿಟ್ಟಿತ್ತೆಂಬುದೇ ಗೊತ್ತಿರಲಿಲ್ಲವಂತೆ. ಅವ್ವ ಹಣೆ ಚಚ್ಚಿಕೊಂಡಳು. ಆದರೆ ಆ ಬಾಗಿಲನ್ನು ನೋಡಿದವರೊಬ್ಬರು ಕಾಳಿನ ದೊಡ್ಡ ಪೆಟ್ಟಿಗೆಗೆ ಹೇಳಿದರು, ಆ ಪೆಟ್ಟಿಗೆಯನ್ನು ನೋಡಿದವರು ಮಂಚಕ್ಕೆ ಹೇಳಿದರು. ಮೊದಲ ಸಲ ಕೂಲಿಯಾಗಿ ಬೆಲ್ಲದ ಪೆಂಟಿ, ಅವ್ವನಿಗೊಂದು ಇಳಕಲ್ಲ ಸೀರೆ ಬಂದ ದಿನ, ಅವಳು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಮಡಿಚಿ ಲೆಕ್ಕ ಹಾಕಿ ಅಂದಳು:

"ಕರೆವ್ವಂದು ಬಾಲಾ ಬಂತು."

ಅಪ್ಪ ನಕ್ಕ. ಎಮ್ಮೆ ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದಿನಿಂದ ಅದೇ ನಮ್ಮ ಮನೆಯ ಲೆಕ್ಕವಾಯಿತು. ಯಲಬುರ್ಗಿಯ ಮನೆಯೊಂದಕ್ಕೆ ಬಾಗಿಲು ಮಾಡಿದರೆ ಹಿಂಗಾಲು ಬಂತು, ಆನೆಗೊಂದಿಯ ಮಠಕ್ಕೆ ಪೀಠ ಮಾಡಿಕೊಟ್ಟರೆ ಬೆನ್ನು ಬಂತು. ಕರೆವ್ವ ತುಂಡು ತುಂಡಾಗಿ ಮನೆಗೆ ನಡೆದು ಬರುತ್ತಿದ್ದಳು. ಬೇರೆ ಎಮ್ಮೆ ಕೊಳ್ಳುವಷ್ಟು ಗಂಟು ಎರಡು ಸಲ ಕೂಡಿತ್ತು. ಒಮ್ಮೆ ಮಾಳಿಗೆಯ ತೊಲೆ ಮುರಿದು ಅದಕ್ಕೆ ಹೋಯಿತು, ಇನ್ನೊಮ್ಮೆ ನನ್ನ ಮದುವೆಗೆ ಹೋಯಿತು. ಅಪ್ಪ ಕೇಳುತ್ತಿದ್ದ:

"ಈಗರೆ ಪೂರಾ ಬಂತಿಲ್ಲೋ ನಿನ್ನ ಎಮ್ಮಿ?"

"ಕೆಚ್ಚಲಾ ಬಂದಿಲ್ಲ. ಅದಿಲ್ಲದ ಎಮ್ಮಿ ತಗೊಂಡು ಏನ ಮಾಡ್ಲಿ?"

ಅವ್ವನಿಗೆ ಆ ಪೆಟ್ಟಿಗೆಯ ಮೇಲಿನ ಸಿಟ್ಟು ಇಳಿದದ್ದಕ್ಕೆ ಕಾರಣ ಬೇರೆಯೇ ಇದೆ. ನಮ್ಮ ಮನೆಯಲ್ಲಿದ್ದ ಕನ್ನಡಿ ಅಂಗೈಗಿಂತ ಚಿಕ್ಕದು, ಪಾದರಸ ಉದುರಿ ಅದರಲ್ಲಿ ಅರ್ಧ ಮುಖ ಕಂಡರೆ ಹೆಚ್ಚು. ಅವ್ವ ಕುಂಕುಮ ಹಚ್ಚಿಕೊಂಡು ನನ್ನನ್ನು ಕರೆದು ಕೇಳುತ್ತಿದ್ದಳು, "ನಟ್ಟನಡುಕ ಐತಿಲ್ಲ ನೋಡು." ನಾನು ಐತಿ ಎಂದರೆ ಐತಿ. ಒಂದು ಮಧ್ಯಾಹ್ನ ಅಪ್ಪ ಇಲ್ಲದಾಗ, ಬೆಳಕಿಂಡಿಯ ಬಿಸಿಲಲ್ಲಿ ಹೊಳೆಯುತ್ತಿದ್ದ ಗರಗಸದ ಅಲಗಿನಲ್ಲಿ ಅವ್ವ ತನ್ನ ಪೂರ್ತಿ ಮುಖವನ್ನು ಕಂಡಳು. ಮದುವೆಯಾಗಿ ಬಂದ ಮೇಲೆ ತನ್ನ ಮುಖವನ್ನು ಇಡಿಯಾಗಿ ನೋಡಿಕೊಂಡಿರಲಿಲ್ಲವೋ ಏನೋ, ಬಹಳ ಹೊತ್ತು ನಿಂತಳು. ಆಮೇಲೆ ದಿನಾ ಜಳಕ ಮಾಡಿ ಬಂದು ಹಿತ್ತಾಳೆಯ ಬೆನ್ನು ಹಿಡಿದು ಅದನ್ನು ಎತ್ತಿಕೊಂಡು ಕುಂಕುಮ ಇಟ್ಟುಕೊಳ್ಳತೊಡಗಿದಳು. ಆದರೂ ನನ್ನನ್ನು ಕರೆದು ಕೇಳುವುದನ್ನು ಬಿಡಲಿಲ್ಲ. ಒದ್ದೆ ಕೈಯಿಂದ ಆ ಹತಾರ ಮುಟ್ಟಬಾರದೆಂದು ಅಪ್ಪ, ಯಾಕೆಂದು ಹೇಳದೆ, ಮನೆಮಂದಿಗೆಲ್ಲ ಆಣೆ ಹಾಕಿದ್ದ. ಅವ್ವ ಅದನ್ನು ಹಿಡಿದು ನಿಂತಾಗ ಮಾತ್ರ ಹೊಸ್ತಿಲ ಹೊರಗೆ ಕೆಮ್ಮುತ್ತ ನಿಲ್ಲುತ್ತಿದ್ದ, ಅವಳು ಇಟ್ಟ ಮೇಲೆ ಒಳಗೆ ಬಂದು ಸದ್ದಿಲ್ಲದೆ ಬಟ್ಟೆಯಿಂದ ಒರೆಸುತ್ತಿದ್ದ.

ಪೆಟ್ಟಿಗೆ ಬಂದ ಮೊದಲ ವರ್ಷದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅವ್ವ ಆ ಹತಾರಗಳ ಕಡೆ ಸುಳಿದಿರಲಿಲ್ಲ, ಅಪ್ಪನೇ ಹೂವಿಟ್ಟು ಮುಗಿಸಿದ್ದ. ಮರುವರ್ಷ ಮಹಾನವಮಿಯ ದಿನ ಅವಳು ಬೆಳಗಾಗುವ ಮೊದಲೇ ಎದ್ದು, ಅಪ್ಪ ಹೊಲದ ಕಡೆ ಬನ್ನಿ ತರಲು ಹೋದಾಗ, ಪೆಟ್ಟಿಗೆಯನ್ನು ತಾನೇ ಹೊರಗೆ ತಂದಳು. ಹುಣಸೆಹಣ್ಣು, ಬೂದಿ ಹಚ್ಚಿ ಒಂದೊಂದು ಹತಾರವನ್ನೂ ಉಜ್ಜಿ ಉಜ್ಜಿ ತೊಳೆದಳು, ದೇವರ ಕೊಡ ತೊಳೆದ ಹಾಗೆ. ಎಣ್ಣೆಯ ಜಿಡ್ಡೆಲ್ಲ ಹೋಗಿ ಉಕ್ಕು ಬೆಳ್ಳಿಯಾಯಿತು. ದೇವರ ಮುಂದೆ ಸಾಲಾಗಿ ಹೊಂದಿಸಿ, ವಿಭೂತಿ ಎಳೆದು, ನೀರಲ್ಲಿ ಕಲಸಿದ ಕುಂಕುಮವಿಟ್ಟಳು. ಗರಗಸದ ಸರದಿ ಬಂದಾಗ ಅದನ್ನು ಮುಖದ ಮುಂದೆ ಹಿಡಿದು, ಅದರೊಳಗೆ ತನ್ನ ಹಣೆ ಎಲ್ಲಿ ಕಾಣುತ್ತದೋ ನೋಡಿಕೊಂಡು, ಸರಿಯಾಗಿ ಅಲ್ಲಿ ದುಂಡಗೆ ಕುಂಕುಮ ಹಚ್ಚಿದಳು. ಮುಟ್ಟಿದರೆ ಮೈಲಿಗೆ ಎನ್ನುವಂತೆ ಹಲ್ಲಿನ ಕಡೆ ಕೈ ತಾಗಿಸದೆ ಕೆಳಗಿಟ್ಟಳು. ನಮ್ಮ ಕುಲದಲ್ಲಿ ಖಂಡೇಪೂಜೆಗೆ ಇಟ್ಟ ಹತಾರವನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಯಾರೂ ಎತ್ತುವಂತಿಲ್ಲ. ನಾಡ ಕಬ್ಬಿಣದ ಬಾಚಿ, ಉಳಿಗಳು ತಲೆತಲಾಂತರದಿಂದ ಹಾಗೆ ಮಿಂದು, ಕುಂಕುಮ ಹೊತ್ತು ಕುಳಿತಿವೆ, ಕರ್ರಗಿನ ಅವುಗಳ ಮೈಗೆ ಏನೂ ಆಗಿರಲಿಲ್ಲ.

ಅಪ್ಪ ಬನ್ನಿಯ ಟೊಂಗೆ ಹಿಡಿದು ಬಂದ. ದೇವರ ಮುಂದೆ ನೋಡಿದ. ಉಳಿಗಳ ಮೇಲೆ ಇನ್ನೂ ನೀರಿನ ಹನಿಗಳು ನಿಂತಿದ್ದವು. ಅವನ ಮುಖ ನೋಡಿ ನಾನು ಏನೋ ಆಗಿದೆ ಎಂದುಕೊಂಡೆ, ಏನೆಂದು ತಿಳಿಯಲಿಲ್ಲ. ಅವ್ವ ಹೊಸ ಸೀರೆ ಉಟ್ಟು, ಆರತಿಯ ತಟ್ಟೆ ಹಿಡಿದು, ನಾಚಿಕೊಂಡವಳಂತೆ ನಿಂತಿದ್ದಳು.

"ಹೆಂಗ ಕಾಣಾಕ್ಹತ್ಯಾವ?"

ಅಪ್ಪ ಬನ್ನಿಯ ಟೊಂಗೆಯನ್ನು ದೇವರ ಮುಂದಿಟ್ಟು ಹೇಳಿದ, "ಭಾಳ ಛಲೋ ಕಾಣಾಕ್ಹತ್ಯಾವ."

ಮರುದಿನ ಬೆಳಿಗ್ಗೆ ಎದ್ದಾಗ ಅಪ್ಪ ಆಗಲೇ ದೇವರ ಮುಂದೆ ಕುಳಿತಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಬೆಳ್ಳಿಯಂತಿದ್ದ ಉಕ್ಕಿನ ಮೇಲೆಲ್ಲ ಕಂದು ಬಣ್ಣದ ಹೂವು ಅರಳಿತ್ತು. ಹುಣಸೆಹುಳಿ ನಿಂತ ಕಡೆ, ವಿಭೂತಿಯ ಅಂಚಿಗೆ, ಕುಂಕುಮದ ಸುತ್ತ ತುಕ್ಕು ಹಿಡಿದಿತ್ತು. ಎತ್ತಿ ಒರೆಸಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಅಪ್ಪ ಶಾಸ್ತ್ರಕ್ಕೆ ಅಷ್ಟೊಂದು ಹೆದರುವವನಲ್ಲ. ಅಮಾವಾಸ್ಯೆಯ ದಿನ ಹತಾರ ಮುಟ್ಟಬಾರದೆಂಬ ನೇಮವನ್ನು ಅವನು ಎಷ್ಟೋ ಸಲ ಮುರಿದದ್ದನ್ನು ನೋಡಿದ್ದೇನೆ. ಆದರೆ ಎತ್ತಿದರೆ ಅವ್ವ ಯಾಕೆ ಎಂದು ಕೇಳುತ್ತಾಳೆ. ನಾನು ಬಾಯಿ ತೆರೆದೆ. ಅಪ್ಪ ದೇವರ ಮುಂದಿನ ತಟ್ಟೆಯಿಂದ ಬೆಲ್ಲದ ತುಣುಕು ತೆಗೆದು ನನ್ನ ಬಾಯಲ್ಲಿಟ್ಟ. ಆ ದಿನವೆಲ್ಲ ಅವನು ಅಲ್ಲಿಂದ ಕದಲಲಿಲ್ಲ, ತನ್ನ ಹತಾರ ಕಣ್ಣೆದುರಿಗೆ ಹಾಳಾಗುವುದನ್ನು ನೋಡುತ್ತ ಕುಳಿತಿದ್ದ. ಇವರಿಗಿಂದು ಎಂಥಾ ಭಕ್ತಿ ಬಂದೈತವ್ವ ಎಂದು ಅವ್ವ ಆಯಿಗೆ ಹೇಳಿದಳು. ಅವನಷ್ಟು ಒಳ್ಳೆಯ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ.

ಬನ್ನಿ ಕೊಟ್ಟು, ತೆಗೆದುಕೊಂಡು, ಬಂಗಾರದಂಗ ಇರೋಣ ಎಂದು ಹೇಳಿಕೊಂಡ ಮೇಲೆ ಅಪ್ಪ ಹತಾರಗಳನ್ನು ಬಟ್ಟೆಯಲ್ಲಿ ಸುತ್ತಿ ಒಯ್ದ. ಅವ್ವ ನೀರಿಗೆ ಹೋದಾಗ, ಹೊಲಕ್ಕೆ ಹೋದಾಗ ಇಟ್ಟಿಗೆಯ ಪುಡಿ, ಔಡಲ ಎಣ್ಣೆ ಹಾಕಿ ತಿಕ್ಕುತ್ತಿದ್ದ. ಮನೆಯೆಂಬುದು ಗುಟ್ಟು ನಿಲ್ಲುವ ಜಾಗವಲ್ಲ. ಒಂದು ದಿನ ಅವ್ವ ಕುಂಕುಮ ಇಟ್ಟುಕೊಳ್ಳಲು ಗರಗಸ ಹುಡುಕಿದಳು, ಬಟ್ಟೆ ಬಿಚ್ಚಿದಳು, ಕೆಂಪು ಪುಡಿಯನ್ನೂ ಕಲೆಗಳನ್ನೂ ನೋಡಿದಳು. ಅಪ್ಪ ಬರುವವರೆಗೆ ಕರೆವ್ವನ ಗೂಟದ ಹತ್ತಿರ ಅಳುತ್ತ ಕುಳಿತೇ ಇದ್ದಳು.

"ನಾ ಮಾಡಿದ್ದು ಪೂಜಿ ಅಲ್ಲ, ಕೇಡು," ಅಂದಳು. "ಎಮ್ಮೀನೂ ಹೋತು, ಹತಾರನೂ ಹೋತು. ನೀವರೆ ಯಾಕ ಹೇಳಲಿಲ್ಲ?"

ಅಪ್ಪ ಅವಳ ಎದುರಿಗೆ ಕಟ್ಟೆಯ ಮೇಲೆ ಕುಳಿತ. "ವಿಲಾಯತಿ ಹತಾರ, ಕುಂಕುಮ ಅದಕ್ಕ ಹೊಸದು. ಒಗ್ಗಿಲ್ಲ. ನೀನೂ ಬಂದ ಹೊಸದಾಗಿ ನಮ್ಮ ಊರ ನೀರು ಒಗ್ಗದ ಜ್ವರ ಬಂದು ಮಲಗಿದ್ದಿಲ್ಲೇನ?"

ಅವ್ವ ನಗಲಿಲ್ಲ, ಆದರೆ ಅಳುವುದನ್ನೂ ನಿಲ್ಲಿಸಿದಳು. ಅಂದಿನಿಂದ ಇಬ್ಬರೂ ಸೇರಿ ತಿಕ್ಕಿದರು. ಎಷ್ಟೋ ದಿನಗಳ ಮೇಲೆ ಉಳಿಗಳು ಮೊದಲಿನಂತಾದವು, ಗರಗಸದ ಅಲಗೂ ಹೊಳೆಯಿತು. ಒಂದು ಕುಂಕುಮದ ಬೊಟ್ಟಿನ ಗುರುತು ಮಾತ್ರ ಹಿತ್ತಾಳೆಯ ಪಟ್ಟಿಯ ಕೆಳಗೆ ಉಳಿಯಿತು, ದುಂಡಗೆ, ಕೆಂಗಂದು ಬಣ್ಣಕ್ಕೆ. ಅದು ಆಳಕ್ಕೆ ಇಳಿದಿದೆ, ತಿಕ್ಕಿದರೆ ಅಲಗು ಸವೆಯುತ್ತದೆ, ಕಟ್ಟಿಗೆಯ ಒಳಗೆ ಹೋಗುವ ಜಾಗವೂ ಅದಲ್ಲ, ಇರಲಿ ಬಿಡು ಎಂದ ಅಪ್ಪ. ತೆಗೆಯಬೇಕೆಂದಿದ್ದರೆ ಅವನು ತೆಗೆಯುತ್ತಿದ್ದ ಎಂದೇ ನನ್ನ ನಂಬಿಕೆ. ಮುಂದೆ ಖಂಡೇಪೂಜೆಯಲ್ಲಿ ಹತಾರಗಳಿಗೆ ನೀರಿನ ಬದಲು ಔಡಲ ಎಣ್ಣೆಯ ಅಭಿಷೇಕ ಮಾಡಿ ಒಣ ಹೂವಿಡುವ ಪದ್ಧತಿ ನಮ್ಮ ಮನೆಯಲ್ಲಿ ಬಂತು. ಅವ್ವ ಅದೇ ಗರಗಸದಲ್ಲಿ ಮುಖ ನೋಡಿ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ಆ ಗುರುತು ಅವಳಿಗೆ ಅಡ್ಡ ಬರುತ್ತಿರಲಿಲ್ಲ, ಹಣೆ ಎಲ್ಲಿದೆಯೆಂದು ತೋರಿಸಿಕೊಡುತ್ತಿತ್ತು.

ನಾನು ಮದುವೆಯಾಗಿ ಗಂಗಾವತಿಗೆ ಹೋದೆ. ಗಂಡ ಅಕ್ಕಸಾಲಿಗ, ಅವನ ಹತಾರಗಳೆಲ್ಲ ಬೆರಳಿನಷ್ಟೇ ಉದ್ದ. ಆಯಿ ತೀರಿಕೊಂಡಳು. ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಜ್ವರ ಬಂತು, ಇಳಿಯಲಿಲ್ಲ. ನಾನು ಬಂದು ಮುಟ್ಟುವಷ್ಟರಲ್ಲಿ ಊರಿನವರು ಅಂಗಳದಲ್ಲಿ ಕೂಡಿದ್ದರು. ಅವ್ವನ ಹಣೆಯ ಕುಂಕುಮ ಅಳಿಸಿದರು, ಬಳೆ ಒಡೆದರು. ನಮ್ಮಲ್ಲಿ ಆಗ ಅದನ್ನು ಬೇಡ ಎನ್ನುವವರಿರಲಿಲ್ಲ, ನಾನೂ ಅನ್ನಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ನಾನಿನ್ನೂ ಅವ್ವನ ಜೊತೆಗಿದ್ದಾಗ ಖಾದರಸಾಬನ ಮಗ ಮೆಹಬೂಬ ಬಂದ. ಬಾಗಿಲಲ್ಲಿ ನಿಂತ ಅವನ ಕೈಯಲ್ಲಿ ಹಗ್ಗವಿತ್ತು, ಹಗ್ಗದ ಕೊನೆಗೆ ಒಂದು ಎಮ್ಮೆ.

"ನಮ್ಮ ಅಪ್ಪಾಜಿ ಹೋಗಿ ಭಾಳ ದಿನ ಆತವ್ವ," ಅಂದ. "ನಾನು ರೈಲಿನ ನೌಕರಿ ಬಿಟ್ಟು ಈಗ ಕಟ್ಟಿಗಿ ಕೆಲಸಾನ ಹಿಡದೀನಿ. ನಿಮ್ಮ ಮನಿಯವರು ಹೋಗ್ಯಾರ ಅಂತ ಕೇಳಿದೆ. ಹತಾರ ಹಿಡಿಯೂ ಕೈ ಇಲ್ಲಿ ಇಲ್ಲ. ಅಪ್ಪಾಜಿ ಪೆಟ್ಟಿಗಿ ನನಗ ಕೊಡ್ರಿ. ಇದು ನಿಮ್ಮ ಎಮ್ಮಿ ಮಗಳ ಮಗಳು. ಈಗ ಕರಾ ಹಾಕೇತಿ, ಕರಾನೂ ಹಿಂದ ಬರಾಕ್ಹತ್ತೇತಿ. ಅದರ ಅಜ್ಜಿ ಹಾಲ ಕುಡದ ನನ್ನ ಮಗ ಈಗ ಸಾಲಿಗೆ ಹೋಗ್ತಾನ."

ಅವ್ವ ಎದ್ದು ಹೋಗಿ ಎಮ್ಮೆಯ ಕೊರಳನ್ನು ಸವರಿದಳು. ಅದು ಅವಳ ಕೈ ಮೂಸಿತು. ಅವ್ವನ ಕಣ್ಣು ತುಂಬಿ ಬಂತು, ನಾನೂ ಅತ್ತೆ. ಒಂಟಿ ಹೆಂಗಸಿಗೆ ಹಾಲಿನ ಎಮ್ಮೆ ಎಂದರೆ ಜೀವನದ ದಾರಿ. ಹತಾರದ ಪೆಟ್ಟಿಗೆ ಎಂದರೆ ದಿನಾ ಎಣ್ಣೆ ಸವರಬೇಕಾದ ನೆನಪು. ಅವಳು ಒಳಗೆ ಹೋಗಿ ಪೆಟ್ಟಿಗೆ ತಂದು ಕಟ್ಟೆಯ ಮೇಲಿಟ್ಟಳು. ಮೆಹಬೂಬ ಮುಚ್ಚಳ ತೆಗೆದು ಉಳಿಗಳನ್ನು ಬೆಳಕಿಗೆ ಹಿಡಿದು ನೋಡಿದ, ನಮ್ಮಪ್ಪ ಹೇಗೆ ಇಟ್ಟಿದ್ದನೆಂದು ಅವನ ಮುಖವೇ ಹೇಳಿತು. ಆಮೇಲೆ ಅವನು ಗರಗಸದ ಖಾಲಿ ಜಾಗವನ್ನು ನೋಡಿದ. ಗರಗಸ ಅವ್ವನ ಸೆರಗಿನ ಕೆಳಗಿತ್ತು.

"ಇದೊಂದು ಬಿಡಪ್ಪ," ಅಂದಳು.

"ಪೆಟ್ಟಿಗಿಯಾಗಿನ ಜೀವಾನ ಅದವ್ವ. ಒಂದು ಕಮ್ಮಿ ಆತಂದ್ರ ಸವದಾ ಹೆಂಗ ಆದೀತು?"

ಅವ್ವ ಎಮ್ಮೆಯ ಕಡೆ ನೋಡಿದಳು. "ಅದರದೂ ಎಡಗಡಿ ಕೊಂಬು ಮುರದೈತಿ. ನಾ ಏನರ ಅಂದ್ನೇನ? ಸಮಾ ಆತು."

ಮೆಹಬೂಬ ಎಮ್ಮೆಯ ಮುರಿದ ಕೊಂಬನ್ನೂ, ಅವ್ವನ ಬರಿದಾದ ಹಣೆಯನ್ನೂ ನೋಡಿದ. ಬಡಿಗನ ಕಣ್ಣು, ಸೆರಗಿನ ಅಂಚಿನಲ್ಲಿ ಕಂಡ ಆ ದುಂಡು ಗುರುತನ್ನೂ ನೋಡಿರಬೇಕು. ಮತ್ತೆ ಚೌಕಾಶಿ ಮಾಡಲಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಬರತೀನವ್ವ ಎಂದು ಹೋದ. ಅವ್ವ ಎಮ್ಮೆಯನ್ನು ಒಳಗೆ ತಂದು, ಇಷ್ಟು ವರ್ಷ ಅಪ್ಪನಿಗೆ ಕೀಳಗೊಡದ ಅದೇ ಗೂಟಕ್ಕೆ ಕಟ್ಟಿದಳು. ಸಂಜೆ ಹಾಲು ಹಿಂಡಿ ತಂದು ನನ್ನ ಮುಂದಿಟ್ಟು, "ಕೆಚ್ಚಲಾನೂ ಬಂತು," ಅಂದಳು. ಕೇಳಬೇಕಾದವನು ಇರಲಿಲ್ಲ.

ಮರುದಿನ ನಾನು ಗಂಗಾವತಿಗೆ ಹೊರಡುವವಳಿದ್ದೆ. ಜಳಕ ಮಾಡಿ ಬಂದ ಅವ್ವ ಬೆಳಕಿಂಡಿಯ ಕೆಳಗೆ ನಿಂತು, ಹಿತ್ತಾಳೆಯ ಬೆನ್ನು ಹಿಡಿದು ಗರಗಸವನ್ನು ಮುಖದ ಮುಂದೆ ಎತ್ತಿದ್ದಳು. ಕುಂಕುಮದ ಭರಣಿ ಗೂಡಿನಲ್ಲಿರಲಿಲ್ಲ, ಅದನ್ನು ಆಗಲೇ ತೆಗೆದಿದ್ದರು. ಅವಳು ಆ ದುಂಡು ಗುರುತನ್ನು ಹಣೆಗೆ ಹೊಂದಿಸುವಂತೆ ಅಲಗನ್ನು ಸ್ವಲ್ಪ ಕೆಳಗೆ ಇಳಿಸಿದಳು, ಸ್ವಲ್ಪ ಬಲಕ್ಕೆ ಸರಿಸಿದಳು, ಹಾಗೆಯೇ ಹಿಡಿದುಕೊಂಡು ನನ್ನನ್ನು ಕರೆದಳು.

"ನಟ್ಟನಡುಕ ಐತಿಲ್ಲ ನೋಡು."

ನಾನು ನಿಂತಲ್ಲಿಗೆ ಗರಗಸದೊಳಗೆ ಏನೂ ಕಾಣುತ್ತಿರಲಿಲ್ಲ.

"ಐತಿ," ಅಂದೆ.